ಎರಡು ಹಲ್ಲಿನ ಆಯಿ

ನಳಕ್ಕ ನೀರು ಬಂದ ದಿನ ಅದು.
ಶಾಬಾದಿನ ನಮ್ಮ ಓಣ್ಯಾಗ ನಾಕು ದಿನಕ್ಕೊಮ್ಮೆ ಬರ್ತಾವ,
ಬಂದರ ತಾಸಿನೊಳಗ ಹೋಗ್ತಾವ.
ಕೊಡ, ಬಕೀಟು, ಬೋಗಾಣಿ, ಕಡೀಕ ಚಾದ ಗಿಂಡಿನೂ ತುಂಬಿಟ್ಟು
ಬಚ್ಚಲ ಫರಸಿ ಮ್ಯಾಲ ಕುಕ್ಕರಗಾಲಿಲೆ ಕೂತು
ಕರದೆ: ರೇವೂ, ಬಾರಬೇ, ಹಲ್ಲು ತಿಕ್ತೀನಿ.

ಬಾಗಿಲ ಹಿಂದ ಒಂದು ಲಂಗದ ಅಂಚು ಅಲುಗಾಡಿತು.
ಬಾಗಿಲು ಮಾತಾಡಿತು:
"ರೇವಮ್ಮ ಮನ್ಯಾಗಿಲ್ಲ. ಕಲಬುರ್ಗಿಗಿ ಹೋಗ್ಯಾಳ."

ನಾಕು ವರ್ಷದ ಪೋರಿ.
ಪೇಸ್ಟು ಖಾರ ಹತ್ತತದ ಅಂತಾಳ,
ಮೆಣಸಿನಕಾಯಿ ಭಜಿ ತಿನ್ನುವಾಗ ಹತ್ತದ ಖಾರ!
ಬ್ರಷ್‌ಗಿ ಮುಳ್ಳು ಆವ ಅಂತಾಳ.
ಮೊನ್ನಿ ನಾನೂ ತಪ್ಪು ಮಾಡೀನಿ, ಹೇಳಿಬಿಡ್ತೀನಿ:
ಅಂಗನವಾಡಿಗಿ ಹೊತ್ತಾಗಿತ್ತು, ಒಲಿ ಮ್ಯಾಲ ಅನ್ನ ಉಕ್ಕತಿತ್ತು,
ಗಲ್ಲ ಹಿಡದು, ಮೂಗು ಒತ್ತಿ, ಬಾಯಿ ತಗಿಸಿ
ಪಾಲಿಶ್ ಮಷೀನಿಗಿ ಕಲ್ಲು ಕೊಟ್ಟಂಗ
ತಿಕ್ಕೇಬಿಟ್ಟೆ.
ಅಕಿ ನನ್ನ ಬಟ್ಟು ಕಚ್ಚಿದಳು.
ನಾಕು ಸಣ್ಣ ಗುರ್ತು, ಸಾಲಾಗಿ, ಚಂದಾಗಿ.
ಎಷ್ಟು ಚಲೋ ಹಲ್ಲು ಆವ ನನ್ನ ಮಗಳಿಗಿ ಅಂತ
ನಗಬೇಕೋ ಅಳಬೇಕೋ ತಿಳೀಲಿಲ್ಲ ನನಗ.

"ಆಯಿ ತಿಕ್ಕಲ್ಲಲ್ಲ, ನಾ ಯಾಕ?" ಅಂತು ಬಾಗಿಲು.

ನಮ್ಮತ್ತಿ ಸುಗಲಾಬಾಯಿ ಕಟ್ಟಿ ಮ್ಯಾಲ ಕೂತಿದ್ದಳು,
ಬಟ್ಟಿಗಿ ಮಿಸ್ರಿ ಹಚಗೊಂಡು
ಕರಿ ಬಾಯಾಗ ಕರಿ ಬಟ್ಟು ಆಡಿಸ್ಕೋತ.
ಕೇಳಿಸ್ತು ಅಕಿಗಿ. ಉಗುಳಿದಳು. ಬಾಯಿ ಮುಕ್ಕಳಿಸಿದಳು.
"ಬಾ ಇಲ್ಲಿ, ಎಣಸು" ಅಂತ ಬಾಯಿ ತಗದಳು.

ರೇವೂ ಬಂದು ಬಗ್ಗಿ ನೋಡಿದಳು,
ಹಾಳಬಾವ್ಯಾಗ ಚೆಂಡು ಬಿದ್ದರ ನೋಡ್ತಾರಲ್ಲ, ಹಂಗ.
"ಒಂದು. ಎರಡು."
ಇನ್ನೂ ಬಗ್ಗಿದಳು.
"ಉಳದವು ಎಲ್ಲಿ ಇಟ್ಟೀದಿ?"
"ಯಾರಿಗೊತ್ತು! ಒಂದೊಂದೇ ಸಿಟ್ಟಾಗಿ ಹೋದವು.
ನಾ ಯಾವತ್ತೂ ಮಾತಾಡಿಸ್ಲಿಲ್ಲ ಅವಕ್ಕ."

ಪೋರಿ ಜರಾ ಹೊತ್ತು ಸುಮ್ಮನಿದ್ದಳು.
ಆಮ್ಯಾಲ ಗೂಡಿನಾಗಿನ ಹೊಸಾ ಬ್ರಷ್ ತಂದಳು,
ಪೇಸ್ಟಿನ ಸಂಗಟ ಫುಕಟ ಬಂದದ್ದು, ದೊಡ್ಡ ಮಂದೀದು.
ಆಯಿ ಮುಂದ ನಿಂತಳು, ಟೊಂಕದ ಮ್ಯಾಲ ಕೈ:
"ಬಾಯಿ ತಗಿ. ತಗೀತಿಯೋ ಇಲ್ಲೋ?
ದವಡಿ ಮುರೀತೀನಿ ನೋಡು. ಹೊತ್ತಾಗ್ಯಾದ ನನಗ!"

ನನ್ನ ದನಿ ಅದು.
"ಹೊತ್ತಾಗ್ಯಾದ" ಅನ್ನುವಾಗ ನಾ ಹುಬ್ಬು ಏರಿಸ್ತೀನಲ್ಲ,
ಅದು ಸೈತ.

ನಮ್ಮತ್ತಿ ನಾಟಕದವಳು. ಸೆರಗು ಮಾರಿಗಿ ಹಚ್ಚಿ
"ಅಂಜಿಕಿ ಬರ್ತದಬೇ. ಮುಳ್ಳು ಆವ" ಅಂದಳು.

ರೇವೂನ ಕೈ ಕೆಳಗ ಇಳೀತು.
ಬ್ರಷ್ ತನ್ನ ಗಲ್ಲಕ್ಕ ಒಮ್ಮೆ ಒತ್ತಿ ನೋಡಿಕೊಂಡಳು.
ನೀರಾಗ ಎದ್ದಿದಳು. ಪೇಸ್ಟು ಹೆಸರಕಾಳಿನಷ್ಟೇ ಹಚ್ಚಿದಳು.
"ಸಾವಕಾಶ ತಿಕ್ತೀನಿ.
ಖಾರ ಹತ್ತಿದರ ಕೈ ಎತ್ತು, ನಿಂದರಸ್ತೀನಿ."

ಯಾರು ಕಲಿಸಿದರೋ ಇದು. ನಾನಂತೂ ಅಲ್ಲ.

ಮೊದಲನೇ ಹಲ್ಲಿಗಿ ಹೇಳಿದಳು: ನೀ ಹೋಗಬ್ಯಾಡ.
ಎರಡನೇದಕ್ಕ: ನೀನೂ.
ಆಯಿ ಮೂರು ಸಲ ಕೈ ಎತ್ತಿದಳು, ಸುಳ್ಳೇ.
ಮೂರು ಸಲ ನಿಂತಿತು ಬ್ರಷ್.

ಆಮ್ಯಾಲ ನನ್ನ ಎದುರು ಬಂದು ಕೂತಳು.
ಏನೂ ಅನಲಿಲ್ಲ. ಬಾಯಿ ತಗದಳು,
ಬಲಗೈ ಉಡಿಯಾಗ ತಯಾರ ಇಟಗೊಂಡು.
ನಾನೂ ಹೆಸರಕಾಳಿನಷ್ಟೇ ಹಚ್ಚಿದೆ.
ಕೆಳಗಿನ ದವಡಿಗಿ ಬರೂತನ ಏಳು ಸಲ ಕೈ ಎತ್ತಿದಳು.
ಏಳೂ ಸಲ ನಿಂತೆ.
ಒಳಗ ಅನ್ನ ತಳ ಹಿಡೀತು.
ನಳ ಹೋಯ್ತು.

ದಿನಾ ಹಿಂಗೇ ನಡೀತದ ಅಂತ ಹೇಳಲ್ಲ ನಾ.
ನಿನ್ನಿ ಮತ್ತ ಕಲಬುರ್ಗಿಗಿ ಹೋಗಿದ್ದಳು, ಬಾಗಿಲ ಹಿಂದ.
ಆದರ ಗೂಡಿನಾಗ ಈಗ ಬ್ರಷ್ ಒಂದು ಹೆಚ್ಚ ಅದ,
ಆಯಿ ಮಿಸ್ರಿ ಡಬ್ಬಿ ಎರಡು ದಿನದಿಂದ ಸಿಗವಲ್ದು.
ಮನಿ ಎಲ್ಲಾ ಹುಡುಕ್ಯಾಳ, ಓಣಿ ಎಲ್ಲಾ ಬೈದಾಳ.

ಮುಂಜಾನಿ ತೊಗರಿಬ್ಯಾಳಿ ಡಬ್ಬ್ಯಾಗ ಕೈ ಹಾಕಿದರ
ತಣ್ಣಗ ತಾಕಿತು, ದುಂಡಗ.
ಇನ್ನಷ್ಟು ಬ್ಯಾಳಿ ಮ್ಯಾಲ ಎಳದು
ಮುಚ್ಚಿಟ್ಟೆ.