ತಲೆಕಟ್ಟು

ಸೊಲ್ಲಾಪುರದ ರಾತ್ರಿ ಕಾಲೇಜಿನಲ್ಲಿ
ಅಂಬಾದಾಸ ಇರಬತ್ತಿ ಮಾಸ್ತರರು ನಮಗೆ
ಒಬ್ಬ ಸ್ಪೇನಿನವನ ಪಾಠ ಹೇಳುತ್ತಿದ್ದರು.
ಎಂಟರ ವಯಸ್ಸಿಗೆ ಕಡಲು ದಾಟಿ
ಅಮೆರಿಕದ ಇಂಗ್ಲಿಷಿನಲ್ಲಿ ಬರೆದು ಬರೆದು
ಹಳೇ ಪಾಸ್‌ಪೋರ್ಟು ಮಾತ್ರ ಕೊನೆತನಕ ಬದಲಿಸದವನು.
ಅವನದೊಂದು ವಾಕ್ಯ ಊರೂರ ಗೋಡೆಯ ಮೇಲಿದೆಯಂತೆ.
ಮಾಸ್ತರರು ಅದನ್ನು ಒಮ್ಮೆಯೂ ಹೇಳಲಿಲ್ಲ.
"ಗ್ವಾಡಿಗೆ ಗೊತ್ತೈತಲ್ಲ, ಬಿಡ್ರಿ."

ಅವರೂ ಎಂಟಕ್ಕೇ ಅಕ್ಕಲಕೋಟೆಗೆ ಬಂದವರು.
ಸೋದರಮಾವನ ಮನೆ, ಹತ್ತಿರದ ಶಾಲೆ ಕನ್ನಡದ್ದು,
ಅಷ್ಟೇ ಕಾರಣ.
ಒಳಗೆ ತೆಲುಗು, ಬೀದಿಯಲ್ಲಿ ಮರಾಠಿ,
ಜ್ವರ ಬಂದಾಗ ಯಾವುದೋ,
ಕೇಳಿಸಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.
ತತ್ವ ಮಾತ್ರ ಕನ್ನಡದಲ್ಲಿ.
ಜನಗಣತಿಯ ಹುಡುಗಿ ಮಾತೃಭಾಷೆ ಕೇಳಿದಾಗ
"ಒಂದೇ ಮನಿ ಐತಲ್ಲವ್ವಾ ಇದರಾಗ" ಎಂದು
ಕಾಗದ ಹಿಂದಕ್ಕೆ ಸರಿಸಿದರು.
ಮಗ್ಗ ಮುಟ್ಟದ ಮನುಷ್ಯ,
ನೇಕಾರ ಸೊಸೈಟಿಯ ಕಾರ್ಡಿಗೆ ವರ್ಷಾವರ್ಷ ದುಡ್ಡು ಕಟ್ಟುತ್ತಿದ್ದರು.

"ಎಲ್ಲಾದ್ರ ಮ್ಯಾಲೂ ಸಂಶಯ ಪಡ್ರಿ. ಈ ಮೇಜು, ಈ ದೀಪ, ನಾನು.
ಪಟ್ಟು ಪಟ್ಟು ಸಾಕಾದ ಮ್ಯಾಲೆ ನೋಡ್ರಿ,
ಕೈ ತಾನ ರೊಟ್ಟಿ ಮುರೀತಿರ್ತದ.
ಆ ಕೈಗೆ ಯಾರು ಹೇಳಿದ್ರು?"
ನಾವು ಚಾದರದ ಕಾರ್ಖಾನೆಯಿಂದ ನೇರ ಬಂದವರು,
ಹುಬ್ಬಿನಲ್ಲಿ ಇನ್ನೂ ನೂಲಿನ ಧೂಳು.
ಪಾಠ ಮೊದಲು ಹೊಟ್ಟೆಗೆ ತಿಳಿಯಿತು.

ಆದಿತ್ಯವಾರ ಸಿದ್ಧೇಶ್ವರ ಕೆರೆಯ ದಂಡೆಗೆ ಬರುವರು,
ಒಳಗೆ ಹೋಗುವವರಲ್ಲ.
ಭಜನೆ ಮುಗಿಯುವವರೆಗೂ
ನಮ್ಮ ಚಪ್ಪಲಿ ಕಾಯುತ್ತ ನಿಂತಿರುವರು.
ದೇವರು ಅದಾನೇನ್ರೀ ಸರ?
"ಇಲ್ಲ. ಭಜನಿ ಖರೇ ಐತಿ."

ಒಂದು ಫೆಬ್ರುವರಿ, ಹಲಗೆಯ ಮೇಲೆ
'ಆದರೆ' ಎಂದು ಬರೆದು ನಿಂತರು.
ಹೊರಗೆ ಗಿರಣಿಯ ಭೋಂಗಾ ಕೂಗಿತು.
ಸೀಮೆಸುಣ್ಣ ಜೇಬಿಗೆ ಹಾಕಿಕೊಂಡು
ಮೆಟ್ಟಿಲಿಳಿದು ಹೊರಟೇಹೋದರು.
ಪಿಂಚಣಿಗೆ ಇನ್ನೂ ಹನ್ನೆರಡು ವರ್ಷವಿತ್ತು.
ಜಗಳವಿಲ್ಲ, ಅರ್ಜಿಯಿಲ್ಲ.
'ಆದರೆ'ಯನ್ನು ವಾರದತನಕ ಯಾರೂ ಒರೆಸಲಿಲ್ಲ.
ಆಮೇಲೆ ಲೆಕ್ಕಶಾಸ್ತ್ರದವರು ಒರೆಸಿದರು.

ಮೊನ್ನೆ ಸಿಸ್ಟರುಗಳ ದವಾಖಾನೆಯಿಂದ
ಅವರ ಏಳು ವಹಿ ನನ್ನ ಹೆಸರಿಗೆ ಬಂದವು.
ಯಾಕೆ ನನಗೆ, ತಿಳಿಯದು.
ಬಹುಶಃ ವಿಳಾಸ ಬದಲಿಸದವನು ನಾನೊಬ್ಬನೇ.
ಕನ್ನಡವೇ, ಸಾಲು ಬಿಗಿ.
ಕೊನೆಕೊನೆಗೆ ಕೈ ಸೋತ ಪುಟಗಳಲ್ಲಿ
ತಲೆಕಟ್ಟು ನಮ್ಮದರ ಹಾಗೆ ಅಡ್ಡ ಮಲಗದೆ
ತೆಲುಗಿನದರ ಹಾಗೆ ಓರೆಯಾಗಿ ಎದ್ದಿದೆ.
ಪುಟದ ತುಂಬ, ಅಕ್ಷರ ಅಕ್ಷರದ ನೆತ್ತಿಗೂ
ಒಂದೊಂದು ಸರಿ ಗುರುತು,
ಯಾರೋ ಪಕ್ಕದಲ್ಲಿ ಕೂತು ತಿದ್ದಿಕೊಟ್ಟ ಹಾಗೆ.

ಅವರ ತಾಯಿಗೆ ಓದು ಬರುತ್ತಿರಲಿಲ್ಲ.