ಹೌದು ಎನ್ನುವ ಸೀಟಿ

ಸರಸ್ವತಿಪುರದ ಈಜುಕೊಳದಲ್ಲಿ ನನ್ನ ಸೀಟಿಗೆ
ಒಂದೇ ಅರ್ಥ: ಬೇಡ.
ಓಡಬೇಡ. ತಳ್ಳಬೇಡ. ಎಂಟಡಿಯ ಕಡೆ ಹೋಗಬೇಡ.
ಬೆಳಗಿನ ಆರರ ಬ್ಯಾಚು, ಕಣ್ಣುರಿಸುವ ಕ್ಲೋರಿನ್ನು,
ಕಾಂಪೌಂಡಿನಾಚೆ ಯಾರದೋ ಗಾಡಿಯ ಇಡ್ಲಿ ಹಬೆ.

ಇದೇ ಸೀಟಿ ಅಲ್ಲಿ,
ಮರಳುಗಾಡಿನ ನಡುವೆ ಉಪ್ಪು ಕದಡಿ ನಿಲ್ಲಿಸಿದ ಕಡಲಲ್ಲಿ,
ಹನ್ನೊಂದು ವರ್ಷ, ದಿನಕ್ಕೆ ಮೂರು ಆಟ, ಶುಕ್ರವಾರ ನಾಲ್ಕು,
ಬೇರೆ ಮಾತಾಡುತ್ತಿತ್ತು.
ಹೌದು, ಈಗ ಮಾಡಿದೆಯಲ್ಲ, ಅದೇ.
ಬಾ, ಮೀನು ಉಂಟು.

ಕಾಗದದಲ್ಲಿ ಅವಳ ಹೆಸರು ಏನೋ ಇತ್ತು.
ಯಾವುದೋ ತಣ್ಣನೆಯ ಸಮುದ್ರದಿಂದ ವಿಮಾನ ಹತ್ತಿ
ಒದ್ದೆ ಜೋಲಿಯಲ್ಲಿ ಮಲಗಿ ಬಂದವಳು.
ನಾನು ನಿಂಗಿ ಅಂದೆ.
ಪಾಂಡವಪುರದ ಬಾಯಿಗೆ ಅದೇ ಸಲೀಸು.
ನಿಂಗಿ ತಿರುಗಿ ನೋಡಿದಳು,
ಹೆಸರಿಗಲ್ಲ, ಬಕೆಟ್ಟಿಗೆ.

ಹೆಂಗೆ ಕಲಿಸ್ತಿದ್ರಿ ಅಂತ ಕೇಳುತ್ತಾರೆ.
ನನಗೆ ಕಲಿಸಿದ್ದು ವಿ.ಸಿ. ನಾಲೆ,
ಬೆನ್ನಿಗೆ ಕಟ್ಟಿದ ಎರಡು ಸೋರೆಬುರುಡೆ,
ಸೋದರಮಾವ ದ್ಯಾವಣ್ಣನ ಬಲಗಾಲು.
ಒದ್ದ. "ಕೈ ಬಡಿಯೇ ಮೂದೇವಿ" ಅಂದ. ಬಡಿದೆ.
ನಿಂಗಿಗೆ ಒದೆಯಿಲ್ಲ, ಬೈಗುಳವಿಲ್ಲ,
ತಪ್ಪು ಎಂಬ ಪದವೇ ಆ ಪಾಠದಲ್ಲಿಲ್ಲ.
ತಪ್ಪಿದಾಗ ಸುಮ್ಮನಿರಬೇಕು ನಾವು, ಮೂರು ಎಣಿಸುವಷ್ಟು,
ಕೈಕಟ್ಟಿ, ಮುಖ ಖಾಲಿ ಮಾಡಿಕೊಂಡು.
ಆಮೇಲಾಮೇಲೆ ಅನಿಸಿತು,
ಒದೆಯೇ ಎಷ್ಟೋ ಮೇಲು.

ಮೊದಲು ತೇಲುವ ಚೆಂಡಿಗೆ ಮೂತಿ ತಾಗಿಸಿದರೆ, ಮೀನು.
ಚೆಂಡು ನನ್ನ ಕಾಲಿಗೆ ಕಟ್ಟಿ, ಮೀನು.
ಚೆಂಡು ಬಿಚ್ಚಿ, ಬರಿಯ ಅಂಗಾಲು, ಮೀನು.
ದಿನಕ್ಕೆ ಎಂಟು ಕಿಲೋ, ತೂಗಿ, ಬರೆದಿಟ್ಟು.
ಐದು ತಿಂಗಳಾದ ಮೇಲೆ ಒಂದು ಸಂಜೆ
ನೀರಿನಡಿ ಮಂಡಿ ಬಿಗಿಹಿಡಿದು ಕಾದಿದ್ದೆ,
ಅಂಗಾಲಿಗೆ ಅವಳ ಮೂತಿ ಕೂತಿತು,
ಆಮೇಲೆ ನೀರು ನನ್ನನ್ನು ಉಗುಳಿತು.
ಎರಡಾಳೆತ್ತರ. ಜನ ಹೋ ಅಂದರು.
ದೀಪಗಳ ನಡುವೆ ಒಂದು ಗಳಿಗೆ ನಾನು
ನಾಲೆಗೆ ಬಿದ್ದ ಹುಡುಗಿಯ ತಿರುವುಮುರುವು.

ಚಪ್ಪಾಳೆ ನನಗೆ. ಅವಳಿಗೆ ಸೀಟಿ.

ಆಟ ಮುಗಿದು ಪಂಪಿನ ಸದ್ದಷ್ಟೇ ಉಳಿದ ಒಂದು ರಾತ್ರಿ
ಮರೆತ ಟವೆಲಿಗೆ ಹಿಂದಿರುಗಿದ್ದೆ.
ಕತ್ತಲಲ್ಲಿ ಯಾರೋ ನನ್ನ ಸೀಟಿ ಊದುತ್ತಿದ್ದರು.
ಮುಟ್ಟಿ ನೋಡಿಕೊಂಡೆ, ಕೊರಳಲ್ಲೇ ಇತ್ತು.
ಗೇಟಿನ ಕಂಬಿಗೆ ಹಣೆಯಿಟ್ಟು ನಿಂಗಿ
ಅದೇ ಸ್ವರ, ಅದೇ ಉದ್ದ, ಕೊನೆಯ ಕೊಂಕು ಸಹ.
ಹೌದು. ಹೌದು. ಹೌದು.
ನನ್ನ ಹತ್ತಿರ ಮೀನಿರಲಿಲ್ಲ.
ಏನು ಮಾಡಬೇಕೋ ತೋಚದೆ
ಕೈಕಟ್ಟಿ ನಿಂತು ಮೂರು ಎಣಿಸಿದೆ.

ಈ ಬೆಳಿಗ್ಗೆ ರಾಜೀವನಗರದ ಶಿಫಾ,
ಹದಿನೇಳು ದಿನ ಗೋಡೆಯ ಕಂಬಿ ಬಿಡದವಳು,
ಬಿಟ್ಟಳು.
ಬೆನ್ನ ಮೇಲೆ ತೇಲಿದಳು, ಕಿವಿ ನೀರೊಳಗೆ, ಬಾಯಿ ತೆರೆದು,
ಆಕಾಶವನ್ನು ಯಾರೋ ಕೈಗೆ ಕೊಟ್ಟ ಹಾಗೆ.
ನನಗೇ ತಿಳಿಯದೆ ಊದಿಬಿಟ್ಟೆ.

ಕೊಳವಿಡೀ ಗಪ್ಪೆಂದಿತು. ಓಡುವವರು ನಿಂತರು,
ಎಂಟಡಿಯ ಹುಡುಗರು ಹಗ್ಗ ಹಿಡಿದರು,
ಶಿಫಾ ಮುಳುಗಿ, ಕೆಮ್ಮಿ, ಮತ್ತೆ ಕಂಬಿಗೆ ಬಿದ್ದಳು.
"ನಾನೇನ್ ತಪ್ ಮಾಡ್ದೆ ಮಿಸ್?"
ನನ್ನ ಕೈ ಸೊಂಟದಲ್ಲಿ ಚೀಲ ತಡಕುತ್ತಿತ್ತು.
ಸಿಕ್ಕಿದ್ದು ಲಾಕರಿನ ಕೀಲಿಗೊಂಚಲು.

"ತಪ್ಪಲ್ಲ ಕಣವ್ವ," ಅಂದೆ, "ಹೌದು ಅಂದೆ."

ಮೂಗಿನ ನೀರು ಒರೆಸಿಕೊಂಡು
ಅವಳು ಕೇಳಿದಳು: "ಯಾವುದಕ್ಕೆ?"