ಹೆಪ್ಪು

ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ, ಮಹಡಿಯ ಮೇಲೆ
ಹಲ್ಲಿನ ಆಸ್ಪತ್ರೆ. ಅಲ್ಲಿ ನನ್ನ ಕೆಲಸ ಕುದಿಸುವುದು.
ಇಕ್ಕಳ, ಪುಟ್ಟ ಕನ್ನಡಿ, ಕೊಕ್ಕೆಮೂತಿಯ ಸೂಜಿ,
ನೂರಿಪ್ಪತ್ತೊಂದು ಡಿಗ್ರಿ, ಇಪ್ಪತ್ತು ನಿಮಿಷ.
ಮುಚ್ಚಳ ತೆರೆದಾಗ ಏಳುವ ಆವಿಯಲ್ಲಿ
ಜೀವವೆಂಬುದು ಏನೂ ಉಳಿದಿಲ್ಲ
ಎಂಬ ನಂಬಿಕೆಗೆ ಹನ್ನೊಂದು ವರ್ಷದಿಂದ ಸಂಬಳ.

ಕಾಯುವವರಿಗೆಂದು ಡಾಕ್ಟರ್ ಚೋಂದಮ್ಮ ತಂದಿಟ್ಟ
ಮೂರಡಿ ಗಾಜಿನ ತೊಟ್ಟಿ, ಆರು ಗೋಲ್ಡ್‌ಫಿಶ್.
ಕೆನ್ನೆ ಊದಿದವರು ಎದುರು ಕೂತು
ತಾವೂ ಬಾಯಿ ತೆರೆದು ಮುಚ್ಚುತ್ತಾರೆ.
ಹಿಂದೆ ಗೊಣಗುವ ಫಿಲ್ಟರು, ಅದರ ಹೊಟ್ಟೆಯಲ್ಲಿ
ಸ್ಪಂಜು, ಪಿಂಗಾಣಿಯ ಪುಟಾಣಿ ಬಳೆಗಳು, ಇದ್ದಿಲ ಚೀಲ,
ಎಲ್ಲದರ ಮೇಲೆ ಹತ್ತಿಯಂಥ ಬಿಳಿ ಹಾಸು.

ಒಂದು ಶನಿವಾರ ತೆರೆದು ನೋಡಿದೆ.
ಕಂದು ಲೋಳೆ. ಹೊಳೆಯ ಕಲ್ಲಡಿಯ ವಾಸನೆ.
ನನ್ನ ಆಸ್ಪತ್ರೆಯಲ್ಲಿ!
ಸ್ಪಂಜನ್ನು ಬ್ಲೀಚಿಂಗ್ ನಾರುವ ನಲ್ಲಿಯಡಿ ಹಿಂಡಿದೆ,
ನೀರು ತಿಳಿಯಾಗುವವರೆಗೆ, ಬೆರಳು ಸುಕ್ಕಾಗುವವರೆಗೆ.
ಬಳೆಗಳನ್ನು ಬಟ್ಟೆಯಲ್ಲಿ ಕಟ್ಟಿ
ಇಕ್ಕಳಗಳ ಜೊತೆಗೇ ಇಟ್ಟೆ.
ನೂರಿಪ್ಪತ್ತೊಂದು. ಇಪ್ಪತ್ತು ನಿಮಿಷ.
ಹೊರಬಂದಾಗ ಹಾಲುಹಲ್ಲಿನ ಬಿಳುಪು.
ಡಾಕ್ಟರೂ "ಚೆಂದ" ಎಂದರು.

ಸೋಮವಾರ ಒಂದು. ಬುಧವಾರ ಎರಡು.
ನೀರೇನೋ ಕನ್ನಡಿ.
ಗುರುವಾರ ಇನ್ನೆರಡು, ಕಿವಿರು ಕೆಂಪಾಗಿ
ಮೇಲೆ ಬಂದು ಗಾಳಿ ಕಚ್ಚುತ್ತಾ ಕಚ್ಚುತ್ತಾ.
ದವಡೆ ಹಿಡಿದುಕೊಂಡಿದ್ದ ಹುಡುಗನೊಬ್ಬ ಕೇಳಿದ:
"ಇವಕ್ಕೂ ಇಂಜೆಕ್ಷನ್ ಕೊಟ್ರಾ?"

ಮೆಟ್ಟಿಲ ಕೆಳಗೆ ಕೊಡೆ ರಿಪೇರಿಯ ಮೊಯ್ದು ಕಾಕ.
ಅಂಗಡಿಯ ಹಿಂದೆ ಅವನದೂ ಒಂದು ತೊಟ್ಟಿ,
ಬುಡ ಸಮೇತ ಕಿತ್ತ ಕಾಫಿ ಗಿಡದ ಬೇರು ಮುಳುಗಿಸಿ
ನೀರೆಲ್ಲ ಚಹಾ ಬಣ್ಣ.
ಹೇಳಿದೆ. ಅವನು ನಗಲಿಲ್ಲ. ಕಡ್ಡಿ ಕೆಳಗಿಟ್ಟ.
"ಜೆಸಿಂತಾ, ಮನೇಲಿ ಮೊಸರಿನ ಪಾತ್ರೆ
ಪೂರ್ತಿ ತೊಳೆದುಬಿಟ್ರೆ ಏನು ಮಾಡ್ತಿ?"
"ಪಕ್ಕದ ಮನೆಯಿಂದ ಹೆಪ್ಪು ತರ್ತೀನಿ."
"ಹಾಗಾದ್ರೆ ಲೋಟ ತಾ."

ತನ್ನ ಸ್ಪಂಜನ್ನು ಲೋಟಕ್ಕೆ ಹಿಂಡಿದ, ಗಸಿಯಂಥ ಗಸಿ.
ಹಿಡಿಯಷ್ಟು ಹಂಚಿನ ಚೂರನ್ನೂ ಕೊಟ್ಟ, ಅವೇ ಅವನ ಬಳೆ.
"ಪಿಂಗಾಣಿಯೇ ಆಗಬೇಕಂತಿಲ್ಲ, ತೂತಿರಬೇಕು, ವಾಸಕ್ಕೆ.
ಇದ್ದಿಲು ಬಣ್ಣ ಹೀರೋದಕ್ಕೆ, ತಿಂಗಳಾದರೆ ಬರೀ ಕಲ್ಲು;
ನನಗೆ ಈ ಬಣ್ಣ ಇಷ್ಟ, ಹಾಕಿಲ್ಲ.
ಬಿಳಿ ಹಾಸು ಕಟ್ಟಿಕೊಂಡ್ರೆ ಬಿಸಾಡು, ಪಾಪ ಬರಲ್ಲ.
ಸ್ಪಂಜು ತೊಳಿ, ಆದ್ರೆ ತೊಟ್ಟಿಯ ನೀರಲ್ಲೇ.
ಬಳೆ ಮುಟ್ಟಬೇಡ. ಮುಟ್ಟಿದ್ರೂ
ಎಲ್ಲ ಒಂದೇ ದಿನ ಬೇಡ."

ಲೋಟದ ಬಾಯಿಗೆ ಅಂಗೈ ಮುಚ್ಚಿ ಮೇಲೆ ಬಂದೆ.
ಬಾಯಿ ಮುಕ್ಕಳಿಸುವ ಔಷಧಿಯೆಂದುಕೊಂಡು
ಅಜ್ಜನೊಬ್ಬ ಕೈ ಚಾಚಿದ.

ಉಳಿದದ್ದು ಒಂದೇ, ಬಾಲ ಹರಿದದ್ದು.
ಅದಕ್ಕೆ ಚಿಟಿಕೆ ಊಟ, ದಿನಕ್ಕೊಂದು ಬಕೆಟ್ ಹೊಸ ನೀರು,
ನಿನ್ನೆ ಹಿಡಿದಿಟ್ಟು ಬ್ಲೀಚಿಂಗ್ ವಾಸನೆ ಬಿಡಿಸಿದ್ದು.
ಐದು ವಾರ. ಬಳೆಗಳ ಮೇಲೆ ಮೆಲ್ಲಗೆ
ಕಂದು ಮೂಡಿತು. ಯಾರಿಗೂ ತೋರಿಸಲಿಲ್ಲ.

ಈಗ ಕರೆಂಟು ಹೋದರೆ ಇನ್‌ವರ್ಟರಿಗೆ ಎರಡೇ ತಂತಿ:
ಒಂದು ಡ್ರಿಲ್ಲಿಗೆ, ಒಂದು ಆ ಗೊಣಗಿಗೆ.
ಹರಿವು ನಿಂತರೆ ಮೀನಿಗಿಂತ ಮೊದಲು ಉಸಿರು ಕಟ್ಟುವುದು
ನಾನೊಮ್ಮೆಯೂ ಕಾಣದ ಆ ಜನಕ್ಕೆ.

ತಿಂಗಳ ಕೊನೆಯ ಶನಿವಾರ.
ಎಡಕ್ಕೆ ಆವಿ ಸಿಳ್ಳೆ ಹಾಕುತ್ತಿದೆ.
ಬಲಕ್ಕೆ ಕೆಂಪು ಬಕೆಟ್ಟು, ತೊಟ್ಟಿಯದೇ ನೀರು.
ಸ್ಪಂಜನ್ನು ಒಂದು ಸಲ ಹಿಂಡಿದೆ, ಎರಡು ಸಲ,
ಮೂರನೆಯದಕ್ಕೆ ಹೋದ ಕೈಯನ್ನು
ಇನ್ನೊಂದು ಕೈಯಿಂದ ಹಿಡಿದುಕೊಂಡೆ.

"ತೊಳೆದ್ಯಾ?" ಒಳಗಿನಿಂದ ಡಾಕ್ಟರ್.
"ಅರ್ಧ."